ಕಾರ್ಡಿನೊಳಗಿನ ಮಗ್ಗ

ಚಳ್ಳಕೆರೆಯ ಬಸ್ ನಿಲ್ದಾಣದಿಂದ ಎಣ್ಣೆ ಮಿಲ್ಲುಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಕಂಬಳಿ ಅಂಗಡಿಯ ಪಕ್ಕಕ್ಕೆ, ಎರಡು ಮೆಟ್ಟಿಲು ಹತ್ತಿದರೆ ಸಿಗುವ ಸಣ್ಣ ಕೋಣೆಯೇ ಗಂಗಾಂಬಿಕಾಳ ಅಂಗಡಿ. ಒಂದು ಹಳೆಯ ಕಂಪ್ಯೂಟರು, ಅದರ ಮುಂದೊಂದು ಕಬ್ಬಿಣದ ಕುರ್ಚಿ, ಗಿರಾಕಿಗಳಿಗೆ ಒಂದು ಬೆಂಚು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಕೇಬಲ್ಲುಗಳು ಒಂದೊಂದೂ ಒಂದೊಂದು ಕಾಲದವು. ಕೆಲವು ಯಾವ ಯಂತ್ರಕ್ಕೆ ಸೇರಿದವು ಎಂದು ಈಗ ಅವಳಿಗೂ ನೆನಪಿಲ್ಲ. ಆದರೂ ಬಿಸಾಡುವುದಿಲ್ಲ. ಯಾರಾದರೂ ಒಂದು ದಿನ ಆ ಯಂತ್ರವನ್ನು ಹುಡುಕಿ ತಂದೇ ತರುತ್ತಾರೆ ಎಂಬುದು ಅವಳ ನಂಬಿಕೆ. ಎಷ್ಟೋ ಸಲ ತಂದಿದ್ದಾರೆ ಕೂಡ.

ಊರವರಿಗೆಲ್ಲ ಅವಳು ಗಂಗಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಈ ಕೋಣೆಯಲ್ಲಿ ಗಂಡ ಓಂಕಾರಮೂರ್ತಿಯ ಶೇಂಗಾ ಚೀಲಗಳಿರುತ್ತಿದ್ದವು. ಅವಳು ಚೀಲಗಳನ್ನು ಒಂದು ಮೂಲೆಗೆ ಸರಿಸಿ ಟೆಲಿಫೋನ್ ಬೂತ್ ಇಟ್ಟಳು. ಬೂತಿನ ಕಾಲ ಮುಗಿಯಿತು, ಕ್ಯಾಸೆಟ್ ತಂದಳು. ಕ್ಯಾಸೆಟ್ಟಿನ ನಂತರ ಸಿ.ಡಿ., ಅದಾದ ಮೇಲೆ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡು. ಒಂದೊಂದು ಕಾಲ ಮುಗಿದಾಗಲೂ ಓಂಕಾರಮೂರ್ತಿ ಬಂದು ಬೆಂಚಿನ ಮೇಲೆ ಕೂತು, ಚೀಲ ಇಡಲು ಇದು ಒಳ್ಳೆಯ ಜಾಗ ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದ.

"ಬಾಗ್ಲು ಹಾಕಾಕಾ ನಾನು ತೆಗ್ದಿದ್ದು?" ಎಂದು ಗಂಗಕ್ಕ ತಲೆ ಎತ್ತದೆ ಕೇಳುತ್ತಿದ್ದಳು. ಈಗ ಮೂಲೆಯಲ್ಲಿ ಒಂದೇ ಒಂದು ಚೀಲ ಉಳಿದಿದೆ. ಅದರ ಮೇಲೆ ಪ್ರಿಂಟರ್ ಕೂತಿದೆ.

ಎಲ್ಲರ ಕೈಗೂ ಫೋನು ಬಂದ ಮೇಲೆ ಕಾರ್ಡಿಗೆ ವಿಡಿಯೋ ಹಾಕಿಸಿಕೊಳ್ಳುವವರು ಯಾರು ಎಂದು ಕೇಳಬಹುದು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಮೇಯಿಸುವವರನ್ನು ಕೇಳಬೇಕು. ಬೆಳಿಗ್ಗೆ ಹೊರಟವರು ಹೊತ್ತು ಮುಳುಗುವವರೆಗೆ ಆ ಹುಲ್ಲಿನ ಬಯಲಿನಲ್ಲಿರುತ್ತಾರೆ. ಅಲ್ಲಿ ಸಿಗ್ನಲ್ಲು ಮೋಡದ ನೆರಳಿನ ಹಾಗೆ, ಇದ್ದ ಕಡೆ ಇರುವುದಿಲ್ಲ. ಅವರ ಹೆಗಲ ಚೀಲದಲ್ಲಿ ಬುತ್ತಿಯ ಜೊತೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ವಿಡಿಯೋ ಪ್ಲೇಯರ್ ಇರುತ್ತದೆ. ಗಟ್ಟಿ ಗುಂಡಿಗಳು, ದೊಡ್ಡ ದನಿ, ಬೇಗ ಇಳಿಯದ ಚಾರ್ಜು. ಅವರು ಅದನ್ನು ಡಬ್ಬಿ ಎನ್ನುತ್ತಾರೆ. ಡಬ್ಬಿಯಲ್ಲಿ ತಮ್ಮೂರಿನ ಬಯಲಾಟ ಇರಬೇಕು, ಅಕ್ಕನ ಮದುವೆ ಇರಬೇಕು, ತೀರಿಕೊಂಡ ಅಪ್ಪ ಹಾಡಿದ ಪದ ಇರಬೇಕು. ಅವೆಲ್ಲ ಇರುವುದು ಯಾರದೋ ಫೋನಿನಲ್ಲಿ. ಫೋನಿನಲ್ಲಿ ಇರುವುದು ಡಬ್ಬಿಗೆ ಸುಮ್ಮನೆ ಬರುವುದಿಲ್ಲ. ಗಂಗಕ್ಕನ ಜೀವನ ನಡೆಯುವುದು ಆ 'ಸುಮ್ಮನೆ ಬರುವುದಿಲ್ಲ' ಎಂಬಲ್ಲಿ.

ಜಂಪಣ್ಣ ಎಂಬ ಕುರಿಗಾಹಿ ಒಮ್ಮೆ ಮಗಳ ಮದುವೆಯ ವಿಡಿಯೋವನ್ನು ಯಾರಿಂದಲೋ ಕಾರ್ಡಿಗೆ ಹಾಕಿಸಿಕೊಂಡು, ಸಿಟ್ಟಿನಿಂದ ಗಂಗಕ್ಕನ ಅಂಗಡಿಗೆ ಬಂದಿದ್ದ.

"ಅಕ್ಕಾ, ಓಲಗ ಕೇಳ್ತೈತೆ, ಮಕಾನೇ ತೋರ್ಸವಲ್ದು. ನನ್ನ ಮಗಳ ಮದ್ವಿನ ಕತ್ಲಾಗ ಮಾಡಿದ್ವಾ ನಾವು?"

ಗಂಗಕ್ಕ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಹೊಸ ಫೋನು ವಿಡಿಯೋನ ಹೊಸ ಥರ ಮಡಚಿ ಇಡ್ತೈತೆ ಜಂಪಣ್ಣ, ಜಾಗ ಉಳ್ಸಾಕೆ. ಈ ಡಬ್ಬಿಗೆ ಹಳೇ ಮಡಿಕೆ ಬಿಚ್ಚಾಕಷ್ಟೇ ಬರೋದು. ನಾನು ಪೂರ್ತಿ ಬಿಚ್ಚಿ, ಹಳೇ ಥರ ಮಡಚಿ ಕೊಡ್ತೀನಿ. ಕೂತ್ಕೋ."

"ಮಡಚುವಾಗ ಅಳಿಯ ಬಿಟ್ಟೋದ್ರೂ ಚಿಂತಿಲ್ಲ. ಮಗಳು ಇರ್ಲಿ."

"ಅಳಿಯನ ತಂಟೆಗೆ ಹೋಗಲ್ಲ ನಾನು. ಅದು ನಿನ್ನ ಕೆಲ್ಸ."

ಇಷ್ಟು ಸರಾಗವಾಗಿ ಹೇಳುವುದಕ್ಕೆ ಮೊದಲು ಅವಳು ಬಹಳಷ್ಟು ಕೆಡಿಸಿದ್ದಾಳೆ. ಮೊದಮೊದಲು ದೊಡ್ಡ ಕಾರ್ಡು ಹಾಕಿದರೆ ಡಬ್ಬಿಗಳು ಕಾರ್ಡೇ ಇಲ್ಲ ಎನ್ನುತ್ತಿದ್ದವು. ಸಣ್ಣ ಕಾರ್ಡು ಬೇಕು, ಅದನ್ನು ಡಬ್ಬಿಗೆ ಒಗ್ಗುವ ಹಾಗೆ ಮೊದಲು ಅಳಿಸಿ ಸಿದ್ಧಮಾಡಬೇಕು ಎಂದು ತಿಳಿಯುವವರೆಗೆ ಅವಳು ಎಷ್ಟೋ ಕಾರ್ಡುಗಳನ್ನು ಸುಮ್ಮನೆ ಬೈದಿದ್ದಳು. ಕನ್ನಡದಲ್ಲಿ ಹೆಸರು ಕೊಟ್ಟರೆ ಡಬ್ಬಿಯ ಪರದೆಯ ಮೇಲೆ ಬರೀ ಚೌಕಗಳು ಕಾಣುತ್ತಿದ್ದವು. ಒಮ್ಮೆ ಅಗಲ ಎತ್ತರದ ಲೆಕ್ಕ ತಪ್ಪಿ ಒಂದು ಮದುವೆಯ ಇಡೀ ದಿಬ್ಬಣ ಗಿಡ್ಡವಾಗಿ ಅಗಲವಾಗಿಬಿಟ್ಟಿತು. ಮದುಮಗನ ಕಡೆಯವರು ಜಗಳಕ್ಕೇ ಬಂದರು. ಅವಳು ಅವರಿಗೆ ಟೀ ತರಿಸಿಕೊಟ್ಟು, ಅವರು ಕುಡಿದು ಮುಗಿಸುವಷ್ಟರಲ್ಲಿ ಮದುಮಗನನ್ನು ಮೊದಲಿನ ಎತ್ತರಕ್ಕೆ ತಂದುಕೊಟ್ಟಳು.

"ಆಗುತ್ತೆ" ಎಂಬುದು ಅವಳ ಬಾಯಲ್ಲಿ ಮೊದಲು ಬರುವ ಮಾತು. ಹೇಗೆ ಎಂಬುದು ಆಮೇಲಿನದು.

ಕಳೆದ ಕಾರ್ತೀಕ ಮುಗಿದ ಸಮಯದಲ್ಲಿ ಮೊಳಕಾಲ್ಮುರಿನಿಂದ ಪಾಲಮ್ಮ ಎಂಬ ಹೆಂಗಸು ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಡಬ್ಬಿ, ಇನ್ನೊಂದು ಕೈಯಲ್ಲಿ ಗಂಡನ ಫೋನು. ಬೆಂಚಿನ ತುದಿಯಲ್ಲಿ ಕೂತು, ಮುಂದಿದ್ದವರೆಲ್ಲ ಹೋದ ಮೇಲೆ ಹತ್ತಿರ ಸರಿದಳು.

"ನಮ್ಮೂರಾಗೆ ಕೇಳ್ದೆ ಅಕ್ಕಾ. ಇದನ್ನ ಬಿಸಾಕಿ ಒಂದು ಫೋನ್ ತಗೋ ಅಂದ್ರು ಎಲ್ರೂ."

"ಬಿಸಾಕೋರಾಗಿದ್ರೆ ಬಸ್ಸಿಗೆ ದುಡ್ಡು ಹಾಕಿ ಇಲ್ಲಿಗೆ ಬರ್ತಿದ್ರಾ? ಏನಾಗ್ಬೇಕು ಹೇಳವ್ವ."

ಪಾಲಮ್ಮ ಹೇಳಿದಳು. ಅವಳ ಮನೆಯಲ್ಲಿ ಒಂದು ಗುಂಡಿ ಮಗ್ಗ, ತುಳಿಯುವ ಕಾಲಿಗೆ ನೆಲದಲ್ಲೇ ಗುಂಡಿ ತೋಡಿದ್ದು. ನೇಯುತ್ತಿದ್ದವನು ಅವಳ ಮಾವ ಚಿತ್ತಯ್ಯ, ಅವಳ ಬಾಯಲ್ಲಿ ಮಾಮ. ಸೀರೆಯ ಒಡಲು ಒಂದು ಬಣ್ಣ, ಎರಡು ಕಡೆಯ ಅಂಚು ಇನ್ನೊಂದು ಬಣ್ಣ. ಒಂದರ ದಾರ ಇನ್ನೊಂದರೊಳಗೆ ಹೋಗದಂತೆ, ಆದರೆ ಸಾಲು ಸಾಲಿಗೂ ಎರಡೂ ಕೈಕೈ ಹಿಡಿದುಕೊಳ್ಳುವಂತೆ ನೇಯಬೇಕು. ಅದಕ್ಕೆ ದಾರ ಹೊತ್ತು ಓಡಾಡುವ ಲಾಳಿ ಮೂರು ಬೇಕು. ಎರಡು ಮಾವನವು. ಬಲ ಅಂಚಿನದು ಪಾಲಮ್ಮನದು. ಮದುವೆಯಾದ ವರ್ಷದಿಂದ ಅವಳು ಮಗ್ಗದ ಬಲಕ್ಕೆ ಕೂತು ಆ ಒಂದೇ ಲಾಳಿ ಎಸೆದಿದ್ದಳು. ನೇಕಾರನ ಜಾಗದಲ್ಲಿ ಕೂತವಳಲ್ಲ. ಎಡಗಡೆ ಮಾವನ ಕೈ ಏನು ಮಾಡುತ್ತದೆ ಎಂಬುದಕ್ಕೆ ಮಾವನ ಮೈಯೇ ಅಡ್ಡ.

ದಸರೆಯ ಹಿಂದುಮುಂದು ಚಿತ್ತಯ್ಯನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಉಳಿದಿದ್ದು ಒಂದೇ ಪದ. ಆ ಮನೆಯಲ್ಲಿ ಆಡುವುದು ತೆಲುಗು. ತೆಲುಗಿನಲ್ಲಿ 'ಅಲ್ಲ' ಎನ್ನುವುದಕ್ಕೆ ಇರುವ 'ಕಾದು' ಎಂಬ ಪದ ಅದು. ಹಸಿವೆಗೂ ಕಾದು, ನಿದ್ದೆಗೂ ಕಾದು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು.

"ಸೀರೆ ಯಾರದು?" ಎಂದಳು ಗಂಗಕ್ಕ.

"ಹಾಸಿನ ನೂಲು ಕೊಟ್ಟೋರು ಹೊನ್ನೂರಸ್ವಾಮಿ ಸಾವುಕಾರ್ರು. ಸಂಕ್ರಾಂತಿ ಕಳೆದ್ ಮೇಲೆ ಯಾರದೋ ಮದ್ವೆಗೆ ಬೇಕಂತೆ. ಮೊನ್ನೆ ಬಂದು ನನ್ನ ಯಜಮಾನ್ರಿಗೆ ಅಂದ್ರು, ಲೇ ಗೋಪಿ, ನಿಮ್ಮನೇಲಿ ಮಗ್ಗಕ್ಕೆ ಕೂರೋರು ಯಾರೂ ಇಲ್ಲ, ಹಾಸು ಕೊಯ್ದು ಬೇರೆ ಮನೆಗೆ ಕೊಡ್ತೀನಿ ಅಂತ. ನಾನು ಅಲ್ಲೇ ನಿಂತಿದ್ದೆ ಅಕ್ಕಾ. ಎದುರಿಗೇ."

ಅರ್ಧ ನೇಯ್ದ ಸೀರೆಯನ್ನು ಕೊಯ್ದ ಮಗ್ಗದ ಮೇಲೆ ಅವರ ಮನೆತನದಲ್ಲಿ ಮತ್ತೆ ಹಾಸು ಏರಿಸುವುದಿಲ್ಲ. ಕಂಬ ಕಿತ್ತು ಗುಂಡಿ ಮುಚ್ಚುತ್ತಾರೆ. ಗೋಪಿ ಲಗೇಜ್ ಆಟೋ ಓಡಿಸುತ್ತಾನೆ, ಅವನಿಗೆ ಮಗ್ಗ ಹಿಡಿಸಿದ್ದೇ ಇಲ್ಲ. ಗುಂಡಿ ಮುಚ್ಚಿದರೆ ಒಂದು ಮಂಚ ಹಾಕಬಹುದು ಎಂಬುದು ಅವನ ಲೆಕ್ಕ. ಪಾಲಮ್ಮನಿಗೆ ಆ ಮಗ್ಗದಲ್ಲಿ ಕೂರಬೇಕು.

"ಸಂಕ್ರಾಂತಿವರೆಗೆ ಟೈಮ್ ಕೇಳಿದ್ದೀನಿ. ನಾನೇ ನೇಯ್ತೀನಿ ಅಂತ ಅಂದುಬಿಟ್ಟಿದ್ದೀನಿ."

ಅವಳ ಧೈರ್ಯಕ್ಕೆ ಕಾರಣ ಫೋನಿನಲ್ಲಿತ್ತು. ಹೋದ ವರ್ಷ ಯಾವುದೋ ಸೀರೆ ಅಂಗಡಿಯವರು, ನೇಯುವುದನ್ನು ಗಿರಾಕಿಗಳಿಗೆ ತೋರಿಸಬೇಕು, ವಿಡಿಯೋ ಕಳಿಸಿ ಎಂದಿದ್ದರು. ಗೋಪಿ ಮಗ್ಗದ ಆಚೆ ಕೂತು, ಅಪ್ಪನ ಎದುರಿಗೆ ಫೋನು ಹಿಡಿದು ಬಹಳ ಹೊತ್ತು ತೆಗೆದಿದ್ದ. ಅವತ್ತು ಪಾಲಮ್ಮ ತವರಿಗೆ ಹೋಗಿದ್ದಳು. ಹಾಗಾಗಿ ಚಿತ್ತಯ್ಯ ಒಬ್ಬನೇ ಮೂರೂ ಲಾಳಿ ಎಸೆಯುತ್ತಿದ್ದ. ಈಗ ಅವಳು ಒಬ್ಬಳೇ ಮಾಡಬೇಕಾದದ್ದೂ ಅದೇ.

"ಫೋನಾಗೇ ನೋಡ್ಕೊಂಡು ಮಾಡ್ಬಹುದಲ್ಲ?"

ಪಾಲಮ್ಮ ಕೈ ಬಿಚ್ಚಿ ತೋರಿಸಿದಳು. ಬೆರಳ ತುದಿಗಳು ಗಂಜಿ, ದಾರ, ವರ್ಷಗಳು ಸೇರಿ ಹೊಳಪುಗಟ್ಟಿದ್ದವು. "ಈ ಬೆರಳು ಮುಟ್ಟಿದ್ರೆ ಫೋನಿಗೆ ಗೊತ್ತೇ ಆಗಲ್ಲ ಅಕ್ಕಾ. ಮತ್ತೆ ಹಗಲೆಲ್ಲ ಅದು ಆಟೋದಾಗೆ ಹೋಗಿರ್ತೈತೆ. ಈ ಡಬ್ಬಿ ಮಾಮಂಗೆ ಭಜನೆ ಕೇಳಾಕೆ ತಂದಿದ್ದು. ಇದಕ್ಕೆ ಗುಂಡಿ ಐತೆ, ಮೊಳಕೈನಾಗೂ ಒತ್ತಬಹುದು."

ಗಂಗಕ್ಕ ಡಬ್ಬಿಯನ್ನು ಟವೆಲಿನಿಂದ ಬಿಡಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಆಗುತ್ತೆ" ಎಂದಳು.

ಆ ಮಧ್ಯಾಹ್ನ ಪಾಲಮ್ಮ ಬೆಂಚಿನ ಮೇಲೆಯೇ ಕೂತಿದ್ದಳು. ವಿಡಿಯೋ ಬಿಚ್ಚಿಕೊಂಡು ಹಳೆಯ ಮಡಿಕೆಗೆ ಬರುವಷ್ಟರಲ್ಲಿ ಕಂಪ್ಯೂಟರು ಬಿಸಿಯಾಯಿತು. ಮೊದಲ ಸಲ ಡಬ್ಬಿಗೆ ಹಾಕಿದಾಗ ಚಿತ್ರ ನಡುವೆ ಒಂದು ಪಟ್ಟಿಯ ಹಾಗೆ ನಿಂತಿತು, ಎರಡು ಕಡೆ ಕಪ್ಪು. ಗೋಪಿ ಫೋನನ್ನು ನೆಟ್ಟಗೆ ಹಿಡಿದಿದ್ದ, ಡಬ್ಬಿಯ ಪರದೆ ಅಡ್ಡ. ಚಿತ್ತಯ್ಯನ ಕೈ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಗಂಗಕ್ಕ ಮೇಲಿನ ಸೂರನ್ನೂ ಕೆಳಗಿನ ನೆಲವನ್ನೂ ಕತ್ತರಿಸಿ ತೆಗೆದಳು. ಪರದೆಯ ತುಂಬ ಎರಡು ಕೈ, ಲಾಳಿ, ದಾರ. ಹಿಂದೆ ಗೋಡೆಯ ಮೇಲೆ ಒಂದು ಗಡಿಯಾರ.

"ಮಾಮನ ಮಕ?" ಎಂದಳು ಪಾಲಮ್ಮ.

"ಮಕ ನೋಡ್ತಾ ಕೂತ್ರೆ ನೇಯ್ತೀಯಾ?" ಎಂದಳು ಗಂಗಕ್ಕ. ಆದರೂ ಗದ್ದದವರೆಗೆ ಉಳಿಸಿದಳು.

ಇನ್ನೊಂದು ತೊಡಕಿತ್ತು. ಉದ್ದನೆಯ ವಿಡಿಯೋ ಒಂದು ಸಲ ನಿಂತರೆ ಈ ಡಬ್ಬಿ ಮತ್ತೆ ಮೊದಲಿನಿಂದಲೇ ಶುರುಮಾಡುತ್ತಿತ್ತು. ಬೇಕಾದ ಜಾಗಕ್ಕೆ ಹೋಗಲು ಬರುತ್ತಿರಲಿಲ್ಲ. ಗಂಗಕ್ಕ ಅದನ್ನು ತುಂಡು ತುಂಡು ಮಾಡಿದಳು. ಎಡ ಲಾಳಿ ಒಂದು ತುಂಡು, ಅಂಚಿಗೂ ಒಡಲಿಗೂ ಕೊಕ್ಕೆ ಹಾಕುವುದು ಒಂದು, ಸಾಲು ಬಿಗಿಯಲು ಹಣಿಗೆ ಬಡಿಯುವುದು ಒಂದು. ಒಂದೇ ಗುಂಡಿ ಒತ್ತಿದರೆ ಅದೇ ತುಂಡು ತಿರುತಿರುಗಿ ಬರುವಂತೆ ಮಾಡಿದಳು. ಬಸ್ಸಿಗೆ ಹೊತ್ತಾಗುವ ಮೊದಲು ಪಾಲಮ್ಮ ಡಬ್ಬಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು. ಗಂಗಕ್ಕನ ಮಟ್ಟಿಗೆ ಆ ಕೆಲಸ ಅಲ್ಲಿಗೆ ಮುಗಿದಿತ್ತು. ಚೆನ್ನಾಗಿಯೇ ಮುಗಿದಿತ್ತು.

ಒಂದು ವಾರ ಕಳೆದಿರಬೇಕು. ಗೋಪಿಯ ಫೋನಿನಿಂದ ಪಾಲಮ್ಮ ಕರೆ ಮಾಡಿದಳು.

"ವಿಡಿಯೋ ಚೆಂದ ಬರ್ತೈತೆ ಅಕ್ಕಾ. ಸೀರೆ ಬರ್ತಿಲ್ಲ."

"ಅಂದ್ರೆ?"

"ಅಂಚು ಒಡಲು ಸೇರೋ ಕಡೆ ಇರುವೆ ಸಾಲಿನ ಥರ ಗಂಟು ಗಂಟು. ಮಾಮಂಗೆ ಮುಟ್ಸಿದ್ರೆ ಕಾದು ಅಂತಾರೆ. ಬಿಚ್ತೀನಿ, ನೇಯ್ತೀನಿ. ಮತ್ತೆ ಕಾದು. ವಿಡಿಯೋದಾಗೆ ಹೆಂಗೈತೋ ಹಂಗೇ ಮಾಡ್ತಿದ್ದೀನಿ ನಾನು."

ವಿಡಿಯೋ ಸರಿ ಇದ್ದರೆ ಉಳಿದದ್ದು ನಿನ್ನ ಕೈ ಎಂದು ಗಂಗಕ್ಕ ಹೇಳಬಹುದಿತ್ತು. ಓಂಕಾರಮೂರ್ತಿ ಹಾಗೇ ಹೇಳು ಎಂದು ಸನ್ನೆಯನ್ನೂ ಮಾಡಿದ. ಅವಳು ಫೋನಿಟ್ಟು ಕಂಪ್ಯೂಟರಿನಲ್ಲಿ ಆ ತುಂಡುಗಳನ್ನು ಮತ್ತೆ ಹಚ್ಚಿ ನೋಡಿದಳು. ತಪ್ಪು ಕಾಣಲಿಲ್ಲ. ತಪ್ಪು ಕಾಣದಿದ್ದದ್ದೇ ಅವಳನ್ನು ಕೆಣಕಿತು. ಅಂಗಡಿಗೆ ರಜೆ ಇದ್ದ ದಿನ ಬೆಳಿಗ್ಗೆ ಬಸ್ಸು ಹತ್ತಿದಳು.

"ಕಾರ್ಡು ಹಾಕೋಳು ಮನೆ ಮನೆಗೆ ಹೋಗಿ ಸೀರೆ ನೇಯ್ದು ಬರ್ತಾಳಾ?" ಎಂದ ಓಂಕಾರಮೂರ್ತಿ, ಅವಳನ್ನು ಬಸ್ ನಿಲ್ದಾಣಕ್ಕೆ ಬಿಡುತ್ತಾ.

"ನೇಯ್ದ್ರೆ ಒಂದು ನಂಗೂ ಆಯ್ತು. ನೀವಂತೂ ಕೊಡ್ಸಲ್ಲ."

ತಳಕು ಎಂಬ ಊರು ದಾಟಿದ ಮೇಲೆ ಎರಡೂ ಕಡೆ ಹೊಲಗಳು ಶೇಂಗಾ ಕಿತ್ತು ಬರಿದಾಗಿದ್ದವು. ಬಿಸಿಲು ಇನ್ನೂ ಏರಿರಲಿಲ್ಲ. ಹಾನಗಲ್‌ನಲ್ಲಿ ಬಸ್ಸು ತಿರುಗಿದಾಗ ದೂರದಲ್ಲಿ ಬಂಡೆಗಳ ಗುಡ್ಡ, ಯಾರೋ ಸುರಿದು ಮರೆತುಹೋದ ರಾಶಿಯಂತೆ. ಆ ಗುಡ್ಡದ ಬುಡದಲ್ಲಿ ಮೊಳಕಾಲ್ಮುರು. ನೇಕಾರರ ಓಣಿಯಲ್ಲಿ ನಡೆದರೆ ಮನೆಗಳು ಒಳಗಿನಿಂದ ಮಾತಾಡುತ್ತವೆ. ಟಕ್ ಎಂದು ಒಂದು ಮನೆ, ಟಕ್ ಟಕ್ ಎಂದು ಇನ್ನೊಂದು. ಪಾಲಮ್ಮನ ಮನೆ ಸುಮ್ಮನಿತ್ತು.

ಒಳಗೆ ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಪಾಲಮ್ಮ. ಮುಂದೆ ಹಾಸು ಬಿಗಿದು ನಿಂತಿತ್ತು, ನವಿಲುಗತ್ತಿನ ನೀಲಿ, ಎರಡು ಬದಿಗೂ ಒಂದೇ ಅಗಲದ ಕುಂಕುಮದ ಅಂಚು. ಡಬ್ಬಿಯನ್ನು ಹಣಿಗೆಯ ಆಚೆಗೆ ದಾರದಲ್ಲಿ ಕಟ್ಟಿದ್ದಳು. ಗೋಡೆಗೆ ಒರಗಿ ಕೂತ ಚಿತ್ತಯ್ಯ ಎಡಗೈ ಎತ್ತಿ ಗಂಗಕ್ಕನಿಗೆ ನಮಸ್ಕಾರ ಮಾಡಿದ. ಅವನ ತಲೆಯ ಮೇಲೆ ವಿಡಿಯೋದಲ್ಲಿದ್ದ ಅದೇ ಗಡಿಯಾರ.

"ನೇಯಿ ನೋಡಾಣ" ಎಂದಳು ಗಂಗಕ್ಕ.

ಪಾಲಮ್ಮ ಮೊಳಕೈಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ತಯ್ಯನ ಕೈ ಲಾಳಿ ಎಸೆಯಿತು. ಪಾಲಮ್ಮನೂ ಎಸೆದಳು. ಅವಳ ಕಾಲು ಮಾತ್ರ ಪರದೆಯನ್ನು ಕೇಳುತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೇಳಿದ ತುಳಿತದ ಸದ್ದು ಕಾಲಿಗೆ ತಾನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತಿಗೇ ಅಂಚಿನ ಸೇರುವೆಯಲ್ಲಿ ಗಂಟುಗಳ ಸಾಲು ಎದ್ದಿತು.

"ಕಾದು" ಎಂದ ಚಿತ್ತಯ್ಯ, ನೋಡದೆಯೇ. ಸದ್ದಿನಲ್ಲೇ ಅವನಿಗೆ ತಿಳಿದಿತ್ತು.

ಗಂಗಕ್ಕ ಗೋಪಿ ಕೂತಿದ್ದ ಜಾಗಕ್ಕೆ ಹೋಗಿ ಕೂತಳು, ಮಗ್ಗದ ಆಚೆ, ಪಾಲಮ್ಮನಿಗೆ ಎದುರಾಗಿ.

"ಇನ್ನೊಂದ್ಸಲ ಎಸಿ. ಎಡದ್ದು."

ಪಾಲಮ್ಮ ಎಡಗೈಯಿಂದ ಎಸೆದಳು. ಅದು ಗಂಗಕ್ಕನ ಬಲಕ್ಕೆ ಬಂತು.

ಗಂಗಕ್ಕ ಆ ಲಾಳಿಯನ್ನೂ ಡಬ್ಬಿಯನ್ನೂ ಒಮ್ಮೆ ನೋಡಿದಳು. ಆಮೇಲೆ ನಗತೊಡಗಿದಳು.

"ಪಾಲಮ್ಮ, ನಿನ್ನ ಗಂಡ ಕೂತಿದ್ದು ಇಲ್ಲಿ. ಅವನ ಎಡ ನಿಂಗೆ ಬಲ. ಮಾವ ಎಡಗೈ ಎತ್ತಿದ್ರೆ ಡಬ್ಬಿಯಾಗ ಬಲಕ್ಕೆ ಕಾಣ್ತೈತೆ, ನೀನು ಬಲಗೈ ಎತ್ತಿದೀಯ. ಕಾಲು ಮಾತ್ರ ಸರಿಯಾಗಿ ತುಳೀತಾ ಐತೆ. ಕೈ ಒಂದು ಊರಿಗೆ, ಕಾಲು ಒಂದು ಊರಿಗೆ."

ಪಾಲಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಹಂಗಾದ್ರೆ ಬಲ ಕಂಡ್ರೆ ಎಡ ಅಂದ್ಕೊಂಡು ಮಾಡ್ಲಾ?"

"ಮಾಡು."

ಮಾಡಿದಳು. ಐದಾರು ಸಾಲು ಸರಿ ಬಂತು. ಏಳನೆಯದರ ಹೊತ್ತಿಗೆ ತಲೆ ತಿರುಗಿತು. ಲಾಳಿ ನೆಲಕ್ಕೆ ಬಿದ್ದು ಉರುಳಿತು. "ಕೈಗೆ ಹೇಳಬಹುದು ಅಕ್ಕಾ, ಕಣ್ಣಿಗೆ ಹೇಳಾಕೆ ಬರಲ್ಲ" ಎಂದಳು.

ಗಂಗಕ್ಕ ಡಬ್ಬಿಯನ್ನು ಬಿಚ್ಚಿ ತಲೆಕೆಳಗಾಗಿ ಕಟ್ಟಿದಳು. ಎಡಬಲ ಸರಿಯಾಯಿತು. ಆದರೆ ಚಿತ್ತಯ್ಯ ಗದ್ದ ಕೆಳಗಾಗಿ ನೇತಾಡುತ್ತಿದ್ದ, ದಾರದ ಮೇಲೆ ಹೋಗಬೇಕಾದ ಲಾಳಿ ಕೆಳಗೆ ಹೋಗುತ್ತಿತ್ತು.

"ಅಯ್ಯೋ, ಮಾಮ ಬಾವಲಿ ಆದ್ರು" ಎಂದಳು ಪಾಲಮ್ಮ. ಗೋಡೆಗೆ ಒರಗಿದ್ದ ಚಿತ್ತಯ್ಯನ ಭುಜ ಕುಲುಕಿತು. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಪಾಲಮ್ಮ ಹೇಳಿದಳು.

ಬಾವಲಿಯಾದ ಮಾವನನ್ನು ನೆಟ್ಟಗೆ ಮಾಡಿಕೊಳ್ಳುತ್ತಲೇ ಪಾಲಮ್ಮ ಗುಂಡಿಯಿಂದ ಎದ್ದಳು. ಬಾಗಿಲ ಪಕ್ಕದ ಗೂಡಿನಲ್ಲಿ ಕುಂಕುಮದ ಭರಣಿಯ ಹಿಂದೆ ಒಂದು ಕನ್ನಡಿ ಇತ್ತು. ಅದರ ಎದುರು ಡಬ್ಬಿ ಹಿಡಿದು, ಕನ್ನಡಿಯೊಳಗೆ ನೋಡಿದಳು. ಬೆಳಿಗ್ಗೆ ಬೈತಲೆ ತೆಗೆಯುವವರಿಗೆಲ್ಲ ಗೊತ್ತಿರುವ ವಿಷಯ ಅದು. ಕನ್ನಡಿಯ ಚಿತ್ತಯ್ಯನ ಎಡಗೈ ಅವಳ ಎಡಕ್ಕೇ ಇತ್ತು. ಮೇಲಿನದು ಮೇಲೆ, ಕೆಳಗಿನದು ಕೆಳಗೆ.

"ಅಕ್ಕಾ, ಇಲ್ಲಿ ಬರ್ರಿ."

ಗಂಗಕ್ಕ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಈ ಕನ್ನಡೀನ ನಾನು ಕಾರ್ಡಿಗೆ ಹಾಕಿ ಕೊಡ್ತೀನಿ. ಕಂಪ್ಯೂಟ್ರಾಗೆ ಇದಕ್ಕೊಂದು ಗುಂಡಿ ಐತೆ. ಇಷ್ಟು ದಿನ ಯಾಕೆ ಐತೋ ಅಂತ ಯೋಚ್ನೆ ಮಾಡ್ತಿದ್ದೆ."

ಅಂದೇ ಸಂಜೆ ಪಾಲಮ್ಮನ ಕಾರ್ಡು ಗಂಗಕ್ಕನ ಜೊತೆ ಚಳ್ಳಕೆರೆಗೆ ಬಂತು. ರಜೆಯ ದಿನವೇ ಅವಳು ಬೀಗ ತೆಗೆದಾಗ ಓಂಕಾರಮೂರ್ತಿಯೂ ಒಳಗೆ ಬಂದ. ಬೆಂಚಿನ ಮೇಲೆ ಕೂತು ನೋಡಿದ. ತುಂಡುಗಳು ಒಂದೊಂದಾಗಿ ಎಡಬಲ ಬದಲಾಯಿಸಿಕೊಂಡವು.

"ಇದೇನೇ, ಗಡಿಯಾರ ಹಿಂದಕ್ಕೆ ಹೋಗ್ತಾ ಐತಲ್ಲ" ಎಂದ. ಚಿತ್ತಯ್ಯನ ಹಿಂದಿನ ಗೋಡೆಯ ಮೇಲೆ ಸೆಕೆಂಡಿನ ಮುಳ್ಳು ಬಂದ ದಾರಿಯಲ್ಲೇ ವಾಪಸು ನಡೆಯುತ್ತಿತ್ತು.

"ಹೋಗ್ಲಿ. ಅದನ್ನ ನೋಡಿ ಯಾರೂ ಬಸ್ ಹಿಡಿಯಲ್ಲ."

ಮರುದಿನ ಮೊಳಕಾಲ್ಮುರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕಾರ್ಡು ಕೊಟ್ಟಳು, ಬೆಂಕಿಪೊಟ್ಟಣದಲ್ಲಿ ಹಾಕಿ, ರಬ್ಬರು ಸುತ್ತಿ. ಅಲ್ಲಿ ಗೋಪಿ ಆಟೋ ನಿಲ್ಲಿಸಿಕೊಂಡು ಕಾದಿದ್ದ. ಆಮೇಲೆ ಬಹಳ ದಿನ ಫೋನಿಲ್ಲ. ಗಂಗಕ್ಕನೂ ಮಾಡಲಿಲ್ಲ. ತಪ್ಪಿದ್ದರೆ ಕರೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಂಕ್ರಾಂತಿ ಕಳೆದ ವಾರ ಪಾಲಮ್ಮ ಬಂದಳು. ಈ ಸಲ ಬೆಂಚಿನ ತುದಿಯಲ್ಲಿ ಕೂರಲಿಲ್ಲ, ನಡುವೆ ಕೂತಳು. ಎಳ್ಳುಬೆಲ್ಲದ ಪೊಟ್ಟಣವನ್ನು ಕಂಪ್ಯೂಟರಿನ ಪಕ್ಕ ಇಟ್ಟಳು. ಅಂದು ಜಂಪಣ್ಣನೂ ಅಲ್ಲೇ ಇದ್ದ, ಮೊಮ್ಮಗನ ನಾಮಕರಣದ ವಿಡಿಯೋ ಹಿಡಿದುಕೊಂಡು.

"ಬಂದಿದ್ರಾ ನಿಮ್ಮ ಸಾವುಕಾರ್ರು?" ಎಂದಳು ಗಂಗಕ್ಕ.

"ಬಂದಿದ್ರು. ಸೀರೆ ತಿರುವಿ ಅಡಿಮಗ್ಗುಲಾಗೆ ಅಂಚಿನುದ್ದಕ್ಕೂ ಬೆರಳು ಆಡ್ಸಿದ್ರು. ನಾನು ಶುರುಮಾಡಿದ ಕಡೆ ಒಂದು ಗೇಣು ಹಂಗೂ ಹಿಂಗೂ ಐತೆ, ಅಲ್ಲಿ ನಿಂತ್ರು. ಆಮೇಲೆ ಮುಂದಕ್ಕೆ ಹೋದ್ರು. ಮಾಮನ್ನ ನೋಡಿದ್ರು. ಮಾಮ ಏನೂ ಅನ್ಲಿಲ್ಲ."

"ಕಾದು ಅನ್ಲಿಲ್ವಾ?"

"ಅನ್ಲಿಲ್ಲ."

ಹೊನ್ನೂರಸ್ವಾಮಿ ಸೀರೆ ಮಡಚಿಕೊಂಡು ಬಾಗಿಲವರೆಗೆ ಹೋಗಿ ನಿಂತನಂತೆ. ಗೋಪಿ ಅಲ್ಲೇ ಇದ್ದ. ಸಾವುಕಾರ ಅವನನ್ನು ದಾಟಿ ಒಳಗೆ ನೋಡಿ ಕೇಳಿದನಂತೆ: "ಪಾಲಮ್ಮ, ಮುಂದಿನ ಹಾಸು ಯಾವಾಗ ಏರಿಸ್ಲಿ?"

ಅದನ್ನು ಹೇಳುವಾಗ ಪಾಲಮ್ಮನ ದನಿ ಏರಲಿಲ್ಲ. ಬೆರಳು ಮಾತ್ರ ಬೆಂಚಿನ ಅಂಚನ್ನು ಉದ್ದಕ್ಕೂ ಸವರುತ್ತಿತ್ತು.

"ಮಂಚ?" ಎಂದಳು ಗಂಗಕ್ಕ.

"ನನ್ನ ಯಜಮಾನ್ರು ಹೊರಗೆ ಪಡಸಾಲೆಯಾಗೆ ಹಾಕ್ಕೊಂಡ್ರು."

ಆಮೇಲೆ ಅವಳು ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆದು ಮುಂದಿಟ್ಟಳು. "ಇದು ಬೇಡ ಅಕ್ಕಾ ಈಗ. ಕೈಗೆ ಬಂದೈತೆ. ಇದನ್ನ ಅಳಿಸಿ ಮಾಮಂಗೆ ಭಜನೆ ಹಾಕಿಕೊಡ್ರಿ. ಮತ್ತೆ..." ಎಂದು ನಿಲ್ಲಿಸಿದಳು.

"ಮತ್ತೇನು?"

"ಅವರ ವಿಡಿಯೋ ಮೊದಲು ಹೆಂಗಿತ್ತೋ ಹಂಗೆ ಹಾಕ್ರಿ, ಮಕ ಸಮೇತ. ಈ ತಿರುಗಿಸಿದ್ದನ್ನ ಅವ್ರು ಒಪ್ಪಲ್ಲ, ಅದ್ರಾಗೆ ಗಡಿಯಾರ ಹಿಂದಕ್ಕೆ ಹೋಗ್ತೈತಲ್ಲ. ಡಬ್ಬಿ ಹಚ್ಚಿದ್ರೆ ಸಾಕು, ಗೋಡೆ ಗಡಿಯಾರ ತೋರ್ಸಿ, ಡಬ್ಬಿ ತೋರ್ಸಿ ಕಾದು ಕಾದು ಅಂತ ಮನೆಯೆಲ್ಲ ಎಬ್ಬಿಸ್ತಾರೆ."

ಜಂಪಣ್ಣ ಜೋರಾಗಿ ನಕ್ಕ. "ಸರಿ ಬಿಡವ್ವ, ಟೈಮು ಗೊತ್ತಿರೋ ಮನುಷ್ಯ."

ಗಂಗಕ್ಕ ಕಾರ್ಡು ಸಿಕ್ಕಿಸಿದಳು. ತಿರುಗಿಸಿದ ತುಂಡುಗಳನ್ನು ಅಳಿಸುವ ಮೊದಲು ಕಂಪ್ಯೂಟರಿನಲ್ಲಿ ಒಂದು ಪ್ರತಿ ಎತ್ತಿಟ್ಟುಕೊಂಡಳು. ಗೋಡೆಯ ಕೇಬಲ್ಲುಗಳ ಹಾಗೆ, ಯಾರಾದರೂ ಕೇಳಿಕೊಂಡು ಬರಬಹುದು. ನಂತರ ಮೊದಲಿನ ವಿಡಿಯೋವನ್ನು ಹುಡುಕಿ, ಈ ಸಲ ಏನನ್ನೂ ಕತ್ತರಿಸದೆ, ಸೂರು ನೆಲ ಎಲ್ಲ ಸೇರಿಸಿ ಹಳೆಯ ಮಡಿಕೆಗೆ ಹಾಕಿದಳು. ಅದು ಮುಗಿಯಲು ಹೊತ್ತು ಹಿಡಿಯುತ್ತದೆ. ಮೂವರೂ ಎಳ್ಳುಬೆಲ್ಲ ತಿನ್ನುತ್ತಾ ಕೂತರು.

ಪರದೆಯ ಮೇಲೆ ಚಿತ್ತಯ್ಯ ಎರಡು ಕೈಯಲ್ಲೂ ನೇಯುತ್ತಿದ್ದ. ನಡುವೆ ಒಮ್ಮೆ ತಲೆ ಎತ್ತಿ, ಫೋನು ಹಿಡಿದ ಮಗನಿಗೆ ತೆಲುಗಿನಲ್ಲಿ ಏನೋ ಬೈದ, ಉದ್ದಕ್ಕೆ, ತಡೆಯಿಲ್ಲದೆ. ಅವನ ಹಿಂದೆ ಗಡಿಯಾರ ಮುಂದಕ್ಕೆ ಹೋಗುತ್ತಿತ್ತು.

"ಏನಂತ ಬೈತಿದ್ದಾರೆ?" ಎಂದು ಜಂಪಣ್ಣ ಕೇಳಿದ.

ಪಾಲಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೆಳಕಿಗೆ ಅಡ್ಡ ಕೂತಿದೀಯ, ಆ ಕಡೆ ಸರಿ ಅಂತ."